ಯಥಾವೇದಿತಲೇಖನವೂ ಠಾಣೆಯ ವರದಿಯೂ

ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮವು ಇಂದು ಕಬ್ಬಾಳಮ್ಮನ ಸನ್ನಿಧಿಯಿಂದ ಜನಪ್ರಸಿದ್ಧವಾಗಿದೆ. ಆದರೆ ಊರಿನ ಮೇಲೆ ನಿಂತಿರುವ ಬೆಟ್ಟಕ್ಕೆ ಚರಿತ್ರೆಯಲ್ಲಿ ಬೇರೊಂದು ಖ್ಯಾತಿಯುಂಟು. ಒಂದು ಕಡೆಯಿಂದ ಮಾತ್ರ ಏರಲು ಸಾಧ್ಯವಾದ ಕಬ್ಬಾಳದುರ್ಗವು ಒಡೆಯರ ಕಾಲದಲ್ಲಿಯೂ ಹೈದರ್ ಟಿಪ್ಪುಗಳ ಕಾಲದಲ್ಲಿಯೂ ಸೆರೆಯ ದುರ್ಗವಾಗಿದ್ದಿತು. ಅಲ್ಲಿಯ ಗಾಳಿನೀರುಗಳು ಸೆರೆಯಾಳನ್ನು ಬದುಕಗೊಡುವುದಿಲ್ಲವೆಂಬ ಅಪಖ್ಯಾತಿಯೂ ಅದಕ್ಕಿದ್ದಿತು. ದಳವಾಯಿಗಳ ಪ್ರಾಬಲ್ಯದ ದಿನಗಳಲ್ಲಿ ಪದಚ್ಯುತನಾದ 7ನೆಯ ಚಾಮರಾಜ ಒಡೆಯನು 1734ರಲ್ಲಿ ಈ ದುರ್ಗದಲ್ಲಿಯೇ ಕಾಲವಾದನು. ಇದು ಬಲದ ನಿರ್ಣಯವೇ ಹೊರತು ವ್ಯವಹಾರನಿರ್ಣಯವಲ್ಲ. ಬಲಕ್ಕೆ ಬರಹ ಬೇಕಾಗಿಲ್ಲ. ವ್ಯವಹಾರವಾದರೋ ಬರಹದಿಂದಲೇ ಆರಂಭವಾಗತಕ್ಕದ್ದು. ಆ ಬರಹದ ಲಕ್ಷಣವೇನೆಂಬುದು ಧರ್ಮಶಾಸ್ತ್ರಕಾರರನ್ನೂ ಇಂದಿನ ಪೊಲೀಸು ಠಾಣೆಯನ್ನೂ ಸಮಾನವಾಗಿ ಕಾಡಿದ ಪ್ರಶ್ನೆಯಾಗಿದೆ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆ ಸ್ಪಷ್ಟವಾದ ವಿಧಿಯುಂಟು. ಅರ್ಥಿಯು ಹೇಳಿದುದನ್ನು, ಹೇಳಿದಂತೆಯೇ, ಪ್ರತ್ಯರ್ಥಿಯ ಎದುರಿನಲ್ಲಿ ಬರೆಯಬೇಕು; ಸಂವತ್ಸರ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮೊದಲಾದ ಗುರುತುಗಳು ಅದರಲ್ಲಿರಬೇಕು. ‘ಯಥಾವೇದಿತ’ವೆಂಬ ಒಂದು ಪದದಲ್ಲಿ ಲೇಖಕನ ಧರ್ಮವೆಲ್ಲ ಅಡಗಿದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ 6ನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನಾದುದರಿಂದ, ಈ ವಿಚಾರವು ಕನ್ನಡನಾಡಿಗೆ ಹೊರಗಿನದೆಂದು ಭಾವಿಸಬೇಕಾದುದಿಲ್ಲ.

ಠಾಣೆಯ ‘ಪ್ರಥಮ ವರ್ತಮಾನ ವರದಿ’ಯ ನಿಯಮವೂ ಬಹುಮಟ್ಟಿಗೆ ಇದೇ. 1973ರ ದಂಡಪ್ರಕ್ರಿಯಾ ಸಂಹಿತೆಯ 154ನೆಯ ಪ್ರಕರಣದಲ್ಲಿದ್ದ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಲ್ಲಿದೆ. ಬಾಯಲ್ಲಿ ಹೇಳಿದುದನ್ನು ಬರೆಯಬೇಕು, ಹೇಳಿದವನಿಗೆ ಓದಿ ಕೇಳಿಸಬೇಕು, ಅವನ ರುಜು ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವು ವರ್ತಮಾನದಿಂದ ತೋರಿಬಂದರೆ ಅದನ್ನು ದಾಖಲು ಮಾಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರ್ಣಯಿಸಿತು. ಶಾಸ್ತ್ರವು ಹೇಳಿದ ಪ್ರತ್ಯರ್ಥಿಸಾನ್ನಿಧ್ಯವು ಮಾತ್ರ ಇಲ್ಲಿಲ್ಲ. ಕಳ್ಳನು ಯಾರೆಂದೇ ತಿಳಿಯದಿರುವಾಗ ಅದು ಸಾಧ್ಯವೂ ಅಲ್ಲ.

ನಿಯಮವು ಹೀಗಿದ್ದರೂ ಬರಹದ ರೂಢಿಯು ಬೇರೆಯಾಗಬಲ್ಲದು. ಕಬ್ಬಾಳಿನ ಸುತ್ತಿನ ಒಬ್ಬ ರೇಷ್ಮೆ ಬೆಳೆಗಾರನು ಠಾಣೆಗೆ ಬಂದು, “ಚಂದ್ರಿಕೆಯಿಂದ ಗೂಡು ಬಿಡಿಸಿ ಚೀಲಕ್ಕೆ ತುಂಬಿ ಇಟ್ಟಿದ್ದೊ ಸ್ವಾಮಿ; ಬೆಳಿಗ್ಗೆ ಎದ್ದು ನೋಡಿದ್ರೆ ಚೀಲ ಇಲ್ಲ, ಹಿತ್ತಿಲ ಬಾಗ್ಲ ಅಗಣಿ ಒಳಗಿಂದ ತೆಗೆದಿತ್ತು” ಎಂದು ಹೇಳಿದನೆಂದು ಭಾವಿಸೋಣ. ಲೇಖಕನು ಇದನ್ನು ಕಚೇರಿಯ ಕನ್ನಡಕ್ಕೆ ತಿರುಗಿಸಿ, “ಯಾರೋ ಅಪರಿಚಿತ ಕಳ್ಳರು ಮನೆಯೊಳಗೆ ಪ್ರವೇಶಿಸಿ ಸದರಿ ಮಾಲನ್ನು ಕಳವು ಮಾಡಿಕೊಂಡು ಹೋಗಿರುತ್ತಾರೆ” ಎಂದು ಬರೆದರೆ ವಾಕ್ಯಕ್ಕೆ ಗಾಂಭೀರ್ಯವೇನೋ ಬರುತ್ತದೆ, ಅಗಣಿಯು ಹೋಗುತ್ತದೆ. ‘ಸದರಿ’, ‘ಮಾಲು’, ‘ಮಹಜರು’, ‘ಫಿರ್ಯಾದಿ’ ಮೊದಲಾದ ಅನ್ಯದೇಶ್ಯಗಳನ್ನು ಕಂಡು ಮೂಗು ಮುರಿಯುವ ಭಾಷಾಶುದ್ಧಿವಾದಿಗಳು ಇಲ್ಲಿ ನಿಜವಾದ ದೋಷವನ್ನು ಕಾಣುವುದಿಲ್ಲ. ಆ ಶಬ್ದಗಳು ಕನ್ನಡದಲ್ಲಿ ಬೇರೂರಿದವು, ಅವುಗಳಿಂದ ಹಾನಿಯಿಲ್ಲ. ಹಾನಿಯಾಗುವುದು ಕೇಳಿದ ಮಾತನ್ನು ಸಿದ್ಧವಾಕ್ಯದಿಂದ ಮುಚ್ಚಿದಾಗ.

ಅಗಣಿಯ ಬೆಲೆಯೇನೆಂಬುದನ್ನು ಕೌಟಲ್ಯನಿಂದ ತಿಳಿಯಬೇಕು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಮುದ್ರಿತವಾದ ಅರ್ಥಶಾಸ್ತ್ರದ 4ನೆಯ ಅಧಿಕರಣವಾದ ಕಂಟಕಶೋಧನದಲ್ಲಿ, ಕಳವು ಒಳಗಿನವರದೋ ಹೊರಗಿನವರದೋ ಉಭಯರದೋ ಎಂದು ಮೊದಲು ವಿಂಗಡಿಸಬೇಕೆಂದು ಹೇಳಿದೆ. ಗೋಡೆಯನ್ನು ಒಳಗಿನಿಂದ ಕೊರೆದು ಮಣ್ಣಿನ ರಾಶಿಯೂ ಉಪಕರಣವೂ ಒಳಗೇ ಬಿದ್ದಿದ್ದರೆ ಅದು ಆಭ್ಯಂತರಕೃತ, ವಿಪರೀತವಾದರೆ ಬಾಹ್ಯಕೃತ. ಗುಟ್ಟಾಗಿಟ್ಟ ಧನವನ್ನೇ ನೇರಾಗಿ ಅಗೆದು ತೆಗೆದಿದ್ದರೂ ಒಳಗಿನವರ ಮೇಲೆಯೇ ಶಂಕೆ. ಆಭ್ಯಂತರಕೃತವೆಂದು ತೋರಿದರೆ ಮನೆಯ ಹತ್ತಿರದ ಜನರಲ್ಲಿ ನಿದ್ರೆಗೆಟ್ಟವನನ್ನೂ ಬಟ್ಟೆ ಹರಿದವನನ್ನೂ ಮೈ ತರಚಿದವನನ್ನೂ ಪರೀಕ್ಷಿಸಬೇಕು. ಸ್ಥಳದ ಗುರುತಿನಿಂದ ಮನುಷ್ಯನ ಕಡೆಗೆ ಹೋಗುವ ಕ್ರಮವಿದು. ಯಾಜ್ಞವಲ್ಕ್ಯನೂ ಕಳ್ಳನನ್ನು ಹಿಡಿಯುವ ಲಿಂಗಗಳನ್ನು ಹೇಳುವಾಗ ಲೋಪ್ತ್ರವನ್ನು, ಎಂದರೆ ಕದ್ದ ವಸ್ತುವನ್ನು, ಮತ್ತು ಹೆಜ್ಜೆಯ ಜಾಡನ್ನು ಮೊದಲಿಟ್ಟು, ಹಿಂದಿನ ಅಪರಾಧವನ್ನೂ ಸಂದಿಗ್ಧವಾದ ವಾಸವನ್ನೂ ಅನಂತರ ಇಟ್ಟಿದ್ದಾನೆ. ಮೊದಲೆರಡು ಕೃತ್ಯಕ್ಕೆ ಸೇರಿದವು, ಕಡೆಯೆರಡು ವ್ಯಕ್ತಿಗೆ ಸೇರಿದವು. ಈ ಆನುಪೂರ್ವಿಯನ್ನು ತಲೆಕೆಳಗು ಮಾಡಿ, ಹಳೆಯ ಅಪರಾಧಿಗಳ ಪಟ್ಟಿಯಿಂದ ಶೋಧನೆಯನ್ನಾರಂಭಿಸುವುದು ಸುಲಭ. ನಿರಪರಾಧಿಗೆ ಅಪಾಯವೂ ಅಲ್ಲಿಯೇ.

ಒಪ್ಪಿಗೆಯ ಮಾತಿನ ವಿಷಯದಲ್ಲಿ ಕೌಟಲ್ಯನು ಕೊಡುವ ದೃಷ್ಟಾಂತವು ಸಾಹಿತ್ಯಾಭ್ಯಾಸಿಗಳಿಗೆ ಕುತೂಹಲಕರವಾದುದು. ಮಹಾಭಾರತದ ಮಾಂಡವ್ಯನು ಮೌನವ್ರತದಲ್ಲಿದ್ದು, ಆಶ್ರಮದಲ್ಲಿ ಕಳ್ಳರು ಬಚ್ಚಿಟ್ಟ ಮಾಲಿನ ದೆಸೆಯಿಂದ ಶೂಲಕ್ಕೇರಿದವನು. ಅರ್ಥಶಾಸ್ತ್ರದ ಮಾಂಡವ್ಯನಾದರೋ ಹಿಂಸೆಯ ಭಯದಿಂದ ತಾನೇ ಕಳ್ಳನೆಂದು ಒಪ್ಪಿದ ಅಚೋರನು. ಆದುದರಿಂದ ಒಪ್ಪಿಗೆಯೊಂದೇ ಸಾಲದು, ಸಮಾಪ್ತವಾದ ಸಾಧನಗಳು ಬೇಕೆಂದು ಅವನ ಮತ. ಅದೇ ಗ್ರಂಥವು ಕೆಲವರ ವಿಷಯದಲ್ಲಿ ಕಾಯಕ್ಲೇಶವನ್ನು ಒಪ್ಪಿರುವುದನ್ನು ಮರೆಮಾಡಬೇಕಾದುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣವು ಈ ಸಂಶಯವನ್ನು ಇನ್ನೂ ಮುಂದಕ್ಕೊಯ್ದು, ಪೊಲೀಸು ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು ವಿಧಿಸಿತು. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಪ್ರಕರಣದಲ್ಲಿ ಈ ನಿಷೇಧವು ಇಂದಿಗೂ ಉಳಿದಿದೆ.

ಗುರುತುಗಳನ್ನು ಕಾಣುವವನು ಸ್ಥಳವನ್ನು ಬಲ್ಲವನಾಗಿರಬೇಕು. ಹಿಂದಿನ ಗ್ರಾಮವ್ಯವಸ್ಥೆಯಲ್ಲಿ ಆಯಗಾರರಲ್ಲೊಬ್ಬನಾದ ತಳವಾರನು ಅಂತಹವನು. ಅಪರಾಧಗಳ ಸುಳಿವು ತಿಳಿಯುವುದೂ ಊರಿಂದೂರಿಗೆ ಹೋಗುವವರನ್ನು ಕಾಪಾಡುವುದೂ ಅವನ ಕೆಲಸ, ಪೈರಿನ ಕಾವಲು ತೋಟಿಯದು ಎಂದು 1812ರ ಕಂಪೆನಿಯ ಐದನೆಯ ವರದಿಯಲ್ಲಿ ಹೇಳಿದೆ. ಆದರೆ ತಳವಾರನ ತಿಳಿವಳಿಕೆಯು ಬಾಯಿಂದ ಬಾಯಿಗೆ ನಡೆದುದು. 1861ರ ಪೊಲೀಸು ಅಧಿನಿಯಮದ ಮಾದರಿಯ ಠಾಣೆಯು ಬರಹವನ್ನು ತಂದಿತು, ಊರಿನ ನೆನಪನ್ನು ದೂರ ಮಾಡಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಅಧಿನಿಯಮದಿಂದ ರದ್ದಾದವು. ಕರ್ನಾಟಕದಲ್ಲಿ 2017ರಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯು ಒಬ್ಬೊಬ್ಬ ಪೇದೆಗೆ ಒಂದೊಂದು ಪ್ರದೇಶವನ್ನು ವಹಿಸಿದುದು ಕಳೆದುಹೋದ ಆ ಪರಿಚಯವನ್ನು ಮತ್ತೆ ಪಡೆಯುವ ಯತ್ನವೆನ್ನಬಹುದು.

ಕಡೆಯದಾಗಿ ಒಂದು ಭೇದವನ್ನು ಗಮನಿಸಬೇಕು. ಕಾತ್ಯಾಯನನ ಮತದಂತೆ ಪೂರ್ವಪಕ್ಷವನ್ನು ಮೊದಲು ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ಬರೆದು, ತಿದ್ದಿ, ಆಮೇಲೆ ಪತ್ರಕ್ಕೇರಿಸಬೇಕು. ಹೆಚ್ಚುಕಡಮೆಗಳನ್ನು ಶೋಧಿಸಲು ಅರ್ಥಿಗೆ ಅವಕಾಶವುಂಟು. ಪ್ರಥಮ ವರ್ತಮಾನ ವರದಿಗೆ ಈ ಹಲಗೆಯಿಲ್ಲ. ರುಜುವಾದ ಮೇಲೆ ಅದನ್ನು ತಿದ್ದಲಾಗದು; ಬಿಟ್ಟುಹೋದುದನ್ನು ಮುಂದಿನ ಹೇಳಿಕೆಯಲ್ಲಿ ಬೇರೆಯಾಗಿ ಬರೆದುಕೊಳ್ಳಬೇಕು. ಬೆಳೆಗಾರನು ಅಗಣಿಯ ಮಾತನ್ನು ಆಗ ಮತ್ತೆ ಹೇಳಿದರೆ, ನ್ಯಾಯಾಲಯದಲ್ಲಿ ಪ್ರತಿವಾದಿಯ ವಕೀಲನು ಕೇಳುವ ಮೊದಲ ಪ್ರಶ್ನೆಯು, ಅದು ದೂರಿನಲ್ಲಿ ಏಕಿಲ್ಲವೆಂಬುದು.