ಹೊಕ್ಕುಳಿನ ದಾರಿಯಿಂದ ಮೂತ್ರಪಿಂಡಕ್ಕೆ

ಬಳ್ಳಾರಿಯ ಬೇಸಗೆಯನ್ನು ಅನುಭವಿಸಿದವರಿಗೆ ಅದರ ವರ್ಣನೆ ಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಅಲ್ಲಿ ಸಾಮಾನ್ಯ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಬಾಗಿ ದುಡಿಯುವವನಾಗಲಿ, ಕುರುಗೋಡಿನ ಕಲ್ಲುಬೆಟ್ಟಗಳ ಬಳಿ ಬಿಸಿಲಿನಲ್ಲಿ ನಿಂತು ಕೆಲಸ ಮಾಡುವವನಾಗಲಿ ಬೆವರಿನಲ್ಲಿ ಕಳೆದುಕೊಳ್ಳುವ ನೀರು ಅಪಾರ. ಅಷ್ಟನ್ನು ಆತ ಕುಡಿದು ತುಂಬಿಕೊಳ್ಳದಿದ್ದರೆ ಮೂತ್ರದ ಪ್ರಮಾಣವಿಳಿದು, ಅದರಲ್ಲಿ ಕರಗಿರುವ ಲವಣಗಳು ಸಾಂದ್ರವಾಗುತ್ತವೆ. ಪಾಕ ಗಟ್ಟಿಯಾದಂತೆ ಸಕ್ಕರೆ ಹರಳುಗಟ್ಟುವುದನ್ನು ನಾವು ಅಡುಗೆಮನೆಯಲ್ಲಿ ಕಂಡಿಲ್ಲವೆ? ಅದೇ ಬಗೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟು ಹರಳುಗಟ್ಟಿ ಕಲ್ಲಾಗುತ್ತದೆ.

ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗಿನ ನೋವು ದಾರುಣವಾದುದು. ಆದರೆ ನಾವು ಹೆಚ್ಚು ಅಂಜಬೇಕಾದುದು ನೋವು ನಿಂತ ಮೇಲಿನ ಮೌನಕ್ಕೆ. ಕಲ್ಲು ಹೊರಬೀಳದೆ ಉಳಿದಿದ್ದರೂ ಕೆಲವೊಮ್ಮೆ ನೋವು ಅಡಗುತ್ತದೆ. ವಾಸಿಯಾಯಿತೆಂದು ಬಗೆದು ರೋಗಿ ಕೂಲಿಗೆ ಹೋಗುತ್ತಾನೆ. ಇತ್ತ ಹರಿಯಲಾರದ ಮೂತ್ರ ಹಿಂದಕ್ಕೊತ್ತಿ ಮೂತ್ರಪಿಂಡವನ್ನು ಉಬ್ಬಿಸಿ, ಅದರ ಸೋಸುವ ಅಂಗಾಂಶವನ್ನು ತಿಂಗಳುಗಟ್ಟಲೆ ಹಿಂಡಿ ನಾಶಮಾಡುತ್ತದೆ. ಇನ್ನೊಂದು ಮೂತ್ರಪಿಂಡ ಎರಡರ ಕೆಲಸವನ್ನೂ ವಹಿಸಿಕೊಳ್ಳುವುದರಿಂದ ನಷ್ಟ ತಿಳಿಯುವುದೇ ಇಲ್ಲ. ಸತ್ತ ಮೂತ್ರಪಿಂಡ ನೋವು, ಸೋಂಕುಗಳಿಗೆ ನೆಲೆಯಾದರೆ ಅದನ್ನು ತೆಗೆದುಹಾಕಬೇಕಾಗುತ್ತದೆ.

1869ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಗುಸ್ತಾವ್ ಸೈಮನ್ನನು ಮೂತ್ರಪಿಂಡವೊಂದನ್ನು ತೆಗೆದು, ಉಳಿದೊಂದರಿಂದಲೇ ಮನುಷ್ಯ ಬದುಕಬಲ್ಲನೆಂದು ತೋರಿಸಿದನು. ಅನಂತರ ನೂರಕ್ಕೂ ಹೆಚ್ಚು ವರ್ಷ ಪಕ್ಕೆಯನ್ನು ಉದ್ದಕ್ಕೆ ಕೊಯ್ಯುವುದೇ ಪದ್ಧತಿಯಾಗಿತ್ತು. 1990ರಲ್ಲಿ ಅಮೆರಿಕದ ರಾಲ್ಫ್ ಕ್ಲೇಮನ್ ಮತ್ತು ಸಂಗಡಿಗರು ಹೊಟ್ಟೆಯಲ್ಲಿ ಕೆಲವು ಕಿಂಡಿಗಳನ್ನಷ್ಟೇ ಮಾಡಿ, ಉದರದರ್ಶಕದ ನೆರವಿನಿಂದ ಈ ಕಾರ್ಯವನ್ನು ಸಾಧಿಸಿದರು. 2007ರ ಸುಮಾರಿಗೆ ಆ ಕಿಂಡಿಗಳೂ ಸೇರಿ ಒಂದಾದವು.

ಆ ಒಂದಕ್ಕೆ ಹೊಕ್ಕುಳನ್ನೇ ಆರಿಸುವುದೇಕೆ? ಹೊಕ್ಕುಳು ಹುಟ್ಟಿನೊಡನೆ ಬಂದ ಕಲೆ. ಎರಡು ಮೂರು ಸೆಂಟಿಮೀಟರುಗಳ ಹೊಸ ಕಲೆ ಅದರ ಮಡಿಕೆಯಲ್ಲಿ ಅಡಗಿಹೋಗುತ್ತದೆ. ಅಲ್ಲಿ ಕತ್ತರಿಸಬೇಕಾದ ಸ್ನಾಯುವೂ ಇಲ್ಲ. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ಹೊಟ್ಟೆಯೊಳಕ್ಕೆ ಇಂಗಾಲದ ಡೈ ಆಕ್ಸೈಡನ್ನು 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ತುಂಬಿ ಗುಡಾರದಂತೆ ಎತ್ತುತ್ತಾರೆ. ಗಾಳಿಯೇ ಏಕಾಗದು? ಈ ಅನಿಲ ಉರಿಯದು. ಮೇಲಾಗಿ ರಕ್ತದಲ್ಲಿ ಬೇಗ ಕರಗಿ ಉಸಿರಿನೊಡನೆ ಹೊರಬೀಳುವುದು.

ತೊಡಕಿರುವುದು ಮುಂದೆ. ಬಾಯಿ ಕಿರಿದಾದ ಭರಣಿಯೊಳಕ್ಕೆ ಎರಡು ಸೌಟುಗಳನ್ನಿಳಿಸಿ, ಇಣುಕಿ ನೋಡುತ್ತ, ತಳದ ನಿಂಬೆಹೋಳನ್ನು ಹಿಡಿಯಲು ವಾಚಕರು ಯತ್ನಿಸಿ ನೋಡಲಿ. ಸೌಟುಗಳು ಒಂದಕ್ಕೊಂದು ತಾಗುತ್ತವೆ, ಕಣ್ಣಿಗೂ ಅಡ್ಡವಾಗುತ್ತವೆ. ಶಸ್ತ್ರವೈದ್ಯನ ಪಾಡೂ ಇದೇ. ಅದಕ್ಕಾಗಿ ತುದಿ ಬಾಗಿದ ಉಪಕರಣಗಳನ್ನು ಮಾಡಿದ್ದಾರೆ. ಅವು ಕಿಂಡಿಯಲ್ಲಿ ಅಡ್ಡಹಾಯುವುದರಿಂದ ಬಲಗೈಯ ಉಪಕರಣ ತೆರೆಯ ಎಡಭಾಗದಲ್ಲಿ ಕಾಣಿಸುವುದುಂಟು! ಬೇರ್ಪಡಿಸಿದ ಮೂತ್ರಪಿಂಡವನ್ನು ಚೀಲಕ್ಕೆ ಹಾಕಿ ಹೊರಗೆಳೆಯುತ್ತಾರೆ. ಕ್ಯಾನ್ಸರ್ ಇಲ್ಲದಿದ್ದರೆ ಚೀಲದೊಳಗೇ ತುಂಡರಿಸಬಹುದು. ಸಾಧುರೋಗಗಳಿಗೆ ಈ ವಿಧಾನ ಒಗ್ಗಲು ಅದೂ ಒಂದು ಕಾರಣ. ಮೂತ್ರಪಿಂಡದ ನೀರುಗುಳ್ಳೆಯನ್ನು ತೆರೆಯಲು, ಮೂತ್ರನಾಳದ ಮೊದಲ ಇಕ್ಕಟ್ಟನ್ನು ಸರಿಪಡಿಸಲು ಕೂಡ ಇದನ್ನು ಬಳಸಿದ್ದಾರೆ.

ಆದರೂ ಇದನ್ನು ಪವಾಡವೆಂದು ಹೊಗಳಲು ನಾವು ಸಿದ್ಧರಿಲ್ಲ. ಹಲವು ಕಿಂಡಿಗಳ ವಿಧಾನಕ್ಕೆ ಹೋಲಿಸಿದರೆ ಕಲೆ ಕಾಣದು, ನೋವು ತುಸು ಕಡಿಮೆ; ಆದರೆ ಕೆಲಸಕ್ಕೆ ಹಿಡಿಯುವ ಹೊತ್ತು ಹೆಚ್ಚು. ರಕ್ತಸ್ರಾವವಾದರೆ ಇನ್ನೊಂದು ಕಿಂಡಿ ಮಾಡುವುದೇ ಜಾಣತನ. ಬಹುಪಾಲು ಕಲ್ಲುಗಳಿಗಂತೂ ಇದರ ಅಗತ್ಯವೇ ಇಲ್ಲ. ಸಣ್ಣವು ತಾವಾಗಿ ಬೀಳುತ್ತವೆ. ದೊಡ್ಡವನ್ನು ಆಘಾತ ತರಂಗಗಳಿಂದಲೋ, ಮೂತ್ರದ್ವಾರದಿಂದ ತೂರಿಸಿದ ದರ್ಶಕದಿಂದಲೋ ಒಡೆಯಬಹುದು. ರೋಗಿ ಹೊತ್ತಿಗೆ ಬರಬೇಕಷ್ಟೆ.

ಒಂದನ್ನು ತೆಗೆದ ಮೇಲೆ ಉಳಿದ ಮೂತ್ರಪಿಂಡ ತುಸು ಬೆಳೆದು ಹೊರೆಯನ್ನು ಹೊರುತ್ತದೆ. ಆದರೆ ಕಲ್ಲು ಅದರಲ್ಲಿಯೂ ಹುಟ್ಟೀತು. ಆದುದರಿಂದ ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರು ಕುಡಿಯಿರೆಂದು ವೈದ್ಯರು ಹೇಳುತ್ತಾರೆ. ಸಿರುಗುಪ್ಪದ ಬಿಸಿಲಿನಲ್ಲಿ ದುಡಿಯುವವನಿಗೆ ಅದಕ್ಕೆ ಮೂರು ಲೀಟರ್ ನೀರೂ ಸಾಲದು.