ಗಾಜಿನ ಛಾವಣಿಯ ಗಟ್ಟಿ ಕಲೆಗಳು: ಕಾರಣ ಮತ್ತು ನಿವಾರಣೆ

ಬೆಳಕನ್ನು ಒಳಗೆ ಬಿಟ್ಟು ಮಳೆಯನ್ನು ಹೊರಗೆ ತಡೆಯುವ ಗಾಜಿನ ಛಾವಣಿ ನಮ್ಮ ದೇಶಕ್ಕೆ ಹೊಸದೇನಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಅಡಿಗಲ್ಲು ಹಾಕಲಾದ ಗಾಜಿನ ಮನೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಉದ್ಯಾನಗಳಿಗೆ ಶೋಭೆಯಾಗಿದ್ದ ಈ ಬಗೆಯ ಛಾವಣಿ ಇಂದು ವಾಸದ ಮನೆಗಳಿಗೂ ಬಂದಿದೆ. ಪುಣೆಯಂತಹ ನಗರಗಳಲ್ಲಿ ಅಂಗಳ, ಮೆಟ್ಟಿಲು, ಮಹಡಿಯ ಬಿಸಿಲುಮಚ್ಚುಗಳ ಮೇಲೆ ಗಾಜಿನ ಹಲಗೆಗಳನ್ನು ಹೊದಿಸುವ ರೂಢಿ ಇದೆ. ಆದರೆ ಕೆಲವು ವರ್ಷಗಳಲ್ಲೇ ಗಾಜು ಮಸುಕಾಗಿ, ಎಷ್ಟು ತೊಳೆದರೂ ಹೋಗದ ಕಲೆಗಳು ಕಾಣಿಸಿಕೊಳ್ಳುತ್ತವೆ. ಇವುಗಳ ನಿವಾರಣೆಗೆ ಬಲಕ್ಕಿಂತ ತಿಳಿವಳಿಕೆ ಮುಖ್ಯ. ಕಲೆಯ ಸ್ವರೂಪವನ್ನು ಅರಿಯದೆ ಕೈಗೊಂಡ ಉಪಾಯವು ಗಾಜಿಗೂ ಜೀವಕ್ಕೂ ಅಪಾಯ ತಂದೀತು.

ಕಲೆಗಳು ಏಕೆ ಉಂಟಾಗುತ್ತವೆ?

ನೆಟ್ಟಗಿರುವ ಕಿಟಕಿಯ ಗಾಜಿನಿಂದ ನೀರು ಇಳಿದುಹೋಗುತ್ತದೆ. ಇಳಿಜಾರು ಕಡಿಮೆಯಿರುವ ಛಾವಣಿಯ ಮೇಲಾದರೋ ಅದು ನಿಂತು ಅಲ್ಲಿಯೇ ಆರುತ್ತದೆ. ಪುಣೆಯಲ್ಲಿ ವರ್ಷದ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಆ ತಿಂಗಳುಗಳ ತೇವದಲ್ಲಿ ಹಾವಸೆ ಬೆಳೆಯುತ್ತದೆ. ಉಳಿದ ತಿಂಗಳುಗಳಲ್ಲಿ ಕಟ್ಟಡ ಕಾಮಗಾರಿಗಳ ಧೂಳು ಹಾಗೂ ಸಿಮೆಂಟು ಕಣಗಳು ಬಂದು ಕೂರುತ್ತವೆ. ಈ ನಗರವು ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಮೇಲಿದೆ. ಇಂತಹ ಶಿಲೆಯಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಮೇಲಿನ ತೊಟ್ಟಿ ತುಂಬಿ ಹರಿದ ಗಡಸು ನೀರು ಗಾಜಿನ ಮೇಲೆ ಆರಿದಾಗ ಈ ಲವಣಗಳು ಬಿಳಿಯ ಪೊರೆಯಾಗಿ ಉಳಿಯುತ್ತವೆ.

ಗಾಜು ನೀರಿಗೆ ಜಗ್ಗದ ವಸ್ತುವೆಂಬುದು ಸಾಮಾನ್ಯ ನಂಬಿಕೆ. ಇದು ಪೂರ್ಣ ಸತ್ಯವಲ್ಲ. ಸಾಧಾರಣ ಗಾಜನ್ನು ಮರಳು, ಸೋಡಾ ಮತ್ತು ಸುಣ್ಣಗಳಿಂದ ತಯಾರಿಸಲಾಗುತ್ತದೆ. ಅದರ ಮೇಲೆ ಬಹುಕಾಲ ನಿಂತ ನೀರು ಸೋಡಿಯಂ ಅಂಶವನ್ನು ನಿಧಾನವಾಗಿ ಸೆಳೆದು ಕ್ಷಾರವಾಗುತ್ತದೆ. ಬಳಿಕ ಆ ಕ್ಷಾರವು ಗಾಜಿನ ಮೈಯನ್ನೇ ಕೊರೆಯತೊಡಗುತ್ತದೆ. ಸಿಮೆಂಟಿನ ನೀರು ಮೊದಲೇ ತೀವ್ರ ಕ್ಷಾರವಾದುದರಿಂದ ಈ ಹಾನಿ ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಇಂದು ತೊಳೆಯಬಹುದಾದ ಕಲೆ ನಾಳೆ ಅಳಿಸಲಾಗದ ಗಾಯವಾಗಬಹುದು.

ಕಲೆಯನ್ನು ಗುರುತಿಸುವ ಬಗೆ

ಮೊದಲು ಗಾಜನ್ನು ಸಾಬೂನು ನೀರಿನಿಂದ ತೊಳೆದು ಒಣಗಲು ಬಿಡಬೇಕು. ಉಳಿದ ಬಿಳಿಯ ಗುರುತಿನ ಮೇಲೆ ಕೆಲವು ಹನಿ ವಿನಿಗರ್ ಹಾಕಿ ಹತ್ತು ನಿಮಿಷ ಕಾದು ಒರೆಸಬೇಕು. ಅದು ಮಾಸಿದರೆ ಲವಣದ ಪೊರೆಯೆಂದು ತಿಳಿಯಬಹುದು. ವಿನಿಗರ್‌ಗೆ ಬಗ್ಗದೆ, ಗಾಜು ಒದ್ದೆಯಾದಾಗ ಮರೆಯಾಗಿ ಒಣಗಿದಾಗ ಮತ್ತೆ ತೋರುವ ಕಲೆಯಾದರೆ ಗಾಜಿನ ಮೈಯೇ ಸವೆದಿರುವ ಸಂಭವ ಹೆಚ್ಚು. ಹಸಿರು ಅಥವಾ ಕಪ್ಪು ಲೇಪ ಹಾವಸೆಯದು. ಕಬ್ಬಿಣದ ಚೌಕಟ್ಟಿನಿಂದ ಇಳಿದ ಕಂದು ಗೆರೆ ತುಕ್ಕಿನದು.

ನಿವಾರಣೆಯ ಕ್ರಮ

1. ಲವಣದ ಪೊರೆ: ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಬೆರೆಸಿ ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಹೊದಿಸಬೇಕು. ಹದಿನೈದು ನಿಮಿಷದ ನಂತರ ಮೃದುವಾದ ಸ್ಪಂಜಿನಿಂದ ಉಜ್ಜಿ ಧಾರಾಳವಾಗಿ ನೀರು ಹಾಯಿಸಬೇಕು. ದಪ್ಪ ಪೊರೆಗೆ ಇದನ್ನೇ ಎರಡು ಮೂರು ಬಾರಿ ಮಾಡಬೇಕೇ ಹೊರತು ಆಮ್ಲದ ಪ್ರಮಾಣ ಹೆಚ್ಚಿಸಬಾರದು.

2. ಹಾವಸೆ: ಸಾಬೂನು ನೀರು ಮತ್ತು ಮೃದು ಬ್ರಷ್ ಬಹುಮಟ್ಟಿಗೆ ಸಾಕು. ಬೇರೂರಿದ ಭಾಗಕ್ಕೆ ಮನೆಬಳಕೆಯ ಬ್ಲೀಚ್ ದ್ರವದ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷದ ಬಳಿಕ ಚೌಕಟ್ಟು ಸಹಿತ ತೊಳೆಯಬೇಕು.

3. ಹಕ್ಕಿಯ ಹಿಕ್ಕೆ, ಮರದ ಅಂಟು: ಒದ್ದೆ ಬಟ್ಟೆ ಹೊದಿಸಿ ನೆನೆಸಿದ ಮೇಲೆಯೇ ತೆಗೆಯಬೇಕು. ಒಣಗಿದ್ದನ್ನು ಕೆರೆದರೆ ಗೀರು ಬೀಳುತ್ತದೆ.

4. ಸವೆದ ಗಾಜು: ಇದಕ್ಕೆ ತೊಳೆಯುವುದರಿಂದ ಫಲವಿಲ್ಲ. ಸೀರಿಯಂ ಆಕ್ಸೈಡ್ ಪುಡಿಯಿಂದ ನುರಿತವರು ಮೆರುಗು ಕೊಡಬಲ್ಲರು. ಸವೆತ ಆಳವಾಗಿದ್ದರೆ ಹಲಗೆ ಬದಲಿಸುವುದೇ ದಾರಿ.

ಎಚ್ಚರಿಕೆಗಳು

ಬ್ಲೀಚ್ ಮತ್ತು ಆಮ್ಲ ಎಂದಿಗೂ ಕೂಡಬಾರದು; ಅವುಗಳಿಂದ ಹೊಮ್ಮುವ ಕ್ಲೋರಿನ್ ವಿಷಾನಿಲ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟದಿರುವುದು ಕ್ಷೇಮ. ಹೈಡ್ರೋಫ್ಲೋರಿಕ್ ಆಮ್ಲವಿರುವ ಕಲೆನಾಶಕಗಳನ್ನು ಮನೆಯಲ್ಲಿ ಬಳಸಲೇಬಾರದು. ಅದು ಗಾಜನ್ನು ಕರಗಿಸುವುದಲ್ಲದೆ, ಚರ್ಮದ ಮೂಲಕ ಒಳಸೇರಿ ಪ್ರಾಣಾಂತಕವಾಗಬಲ್ಲದು. ಪುಣೆಯ ಅಂಗಳಗಳಲ್ಲಿ ಹಾಸಿರುವ, ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಸುಣ್ಣದ ಶಿಲೆಯಾದುದರಿಂದ ನಿಂಬೆ ಉಪ್ಪಿನ ನೀರು ಬಿದ್ದರೂ ಕಳೆಗುಂದುತ್ತದೆ; ಕೆಳಗಿನ ನೆಲವನ್ನು ಮೊದಲೇ ನೀರಿನಿಂದ ತೋಯಿಸಿ, ಬಳಿಕ ಚೆನ್ನಾಗಿ ತೊಳೆಯಬೇಕು. ಮಳೆನೀರು ಸಂಗ್ರಹದ ಕೊಳವೆಯಿದ್ದರೆ ಕೆಲಸ ಮುಗಿಯುವವರೆಗೆ ಅದನ್ನು ಬೇರ್ಪಡಿಸಬೇಕು. ಛಾವಣಿ ಗಾಜಿನದಾಗಿರದೆ ಪಾಲಿಕಾರ್ಬೊನೇಟ್ ಹಾಳೆಯದಾಗಿದ್ದರೆ ಸಾಬೂನು ನೀರನ್ನಷ್ಟೇ ಬಳಸಬೇಕು. ಥಿನ್ನರ್, ಅಸಿಟೋನ್‌ಗಳು ಅದನ್ನು ಬಿರಿಯಿಸುತ್ತವೆ.

ಎಲ್ಲಕ್ಕಿಂತ ಮಿಗಿಲಾಗಿ, ಗಾಜಿನ ಮೇಲೆ ಯಾರೂ ಕಾಲಿಡಬಾರದು, ಕೂಲಿಯವರಿಂದಲೂ ಇಡಿಸಬಾರದು. ಒದ್ದೆಯಾದ ಗಾಜು ಜಾರುತ್ತದೆ. ಭಾರ ತಾಳದೆ ಒಡೆಯಲೂಬಹುದು. ಉದ್ದ ಹಿಡಿಯ ಬ್ರಷ್ ಬಳಸಿ ಬದಿಯಿಂದಲೇ ತೊಳೆಯಬೇಕು. ಕೈಗೆಟುಕದ ಎತ್ತರವಾದರೆ ಸುರಕ್ಷಾ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುವ ತರಬೇತಾದವರನ್ನೇ ಕರೆಸಬೇಕು. ಉರಿಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಸುರಿಯದೆ, ಮುಂಜಾನೆಯ ವೇಳೆಯನ್ನು ಆರಿಸಿಕೊಳ್ಳುವುದು ಲೇಸು.

ಕಲೆ ಬಾರದಂತೆ ತಡೆಯುವುದು

ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಧೂಳನ್ನೂ, ಮಳೆ ಕಳೆದ ಅಕ್ಟೋಬರ್‌ನಲ್ಲಿ ಹಾವಸೆಯನ್ನೂ ತೊಳೆಯುವ ನಿಯಮವಿದ್ದರೆ ಗಟ್ಟಿ ಕಲೆಗಳಿಗೆ ಅವಕಾಶ ಕಡಿಮೆ. ತೊಳೆದ ನೀರನ್ನು ಆರಲು ಬಿಡದೆ ರಬ್ಬರಿನ ಒರೆಸುಪಟ್ಟಿಯಿಂದ ಎಳೆದುಬಿಡಬೇಕು. ತೊಟ್ಟಿಯ ಸೋರಿಕೆಯನ್ನು ಕೂಡಲೇ ಸರಿಪಡಿಸಬೇಕು. ನೆರೆಯಲ್ಲಿ ಕಟ್ಟಡ ಕೆಲಸ ನಡೆದಾಗ ಗಾಜಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಕು. ಹೊಸದಾಗಿ ಗಾಜು ಹೊದಿಸುವವರು ನೀರು ನಿಲ್ಲದಷ್ಟು ಇಳಿಜಾರನ್ನು ಇಟ್ಟು, ಒಡೆದರೂ ಚೂರುಗಳು ಕೆಳಗೆ ಬೀಳದ ಪದರ ಗಾಜನ್ನು ಆರಿಸುವುದು ಒಳಿತು. ವರ್ಷಕ್ಕೆರಡು ಬಾರಿಯ ಈ ಅಲ್ಪ ಶ್ರಮವು ಮನೆಯ ಬೆಳಕನ್ನೂ ಮನೆಮಂದಿಯ ಕ್ಷೇಮವನ್ನೂ ಕಾಯುತ್ತದೆ.