ವೆಜೇರ್ ಹೊಳೆಯ ದಡದಲ್ಲಿ

ಫ್ರಾನ್ಸು ದೇಶದ ನೈರುತ್ಯದಲ್ಲಿ, ವೆಜೇರ್ ಹೊಳೆಯ ದಡದಲ್ಲಿ, ಲೇಜೆಜೀ ಎಂಬ ಹಳ್ಳಿಯುಂಟು. ಸುಣ್ಣಕಲ್ಲಿನ ಹೆಬ್ಬಂಡೆಯ ಬುಡಕ್ಕೆ ಒರಗಿದಂತೆ ಮನೆಗಳಿರುವುವು. ಬೇಸಗೆಯಲ್ಲಿ ಹೋದವರು ಸಣ್ಣ ದೋಣಿಯನ್ನು ಬಾಡಿಗೆಗೆ ಪಡೆದು ತಾವೇ ಹುಟ್ಟುಹಾಕುತ್ತ ಹೊಳೆಯಿಳಿದು ಬರುವರು. ಆದರೆ ವಾಚಕರಿಗೆ ನಾವು ಮುಖ್ಯವಾಗಿ ತಿಳಿಸಬೇಕೆಂದಿರುವುದು ಹಳ್ಳಿಯಿಂದ ನಡೆದೇ ಹೋಗಬಹುದಾದ ಫೋಂ-ದ-ಗೋಮ್ ಗುಹೆಯ ವಿಷಯವನ್ನು. ಅದರ ಗೋಡೆಗಳಲ್ಲಿ 10,000 ವರ್ಷಗಳಿಗೂ ಬಹು ಹಿಂದೆ ಬರೆದ ಬೈಸನ್, ಕುದುರೆ, ಹಿಮಸಾರಂಗಗಳ ವರ್ಣಚಿತ್ರಗಳಿವೆ. ವಿದ್ವಾಂಸರು ಅವನ್ನು ಗುರುತಿಸಿದುದು 1901ರಲ್ಲಿ.

ಇದೇ ಕಣಿವೆಯ ಮೇಲ್ಭಾಗದಲ್ಲಿರುವ ಲಾಸ್ಕೋ ಗುಹೆಯ ಗತಿಯಾದರೋ ಬೇರೆ. 1948ರಲ್ಲಿ ಅದನ್ನು ಜನರಿಗೆ ತೆರೆದರು. ನೋಡಬಂದವರ ಉಸಿರಿನಿಂದಲೇ ಚಿತ್ರಗಳು ಕೆಡಲಾರಂಭಿಸಿದುದರಿಂದ 1963ರಲ್ಲಿ ಮುಚ್ಚಿದರು. ಈಗ ಅಲ್ಲಿ ಕಾಣುವುದು ಪ್ರತಿಕೃತಿ ಮಾತ್ರ. ಫೋಂ-ದ-ಗೋಮಿನಲ್ಲಿ ಮೂಲಚಿತ್ರಗಳನ್ನೇ ತೋರಿಸುವರು, ಆದರೆ ದಿನಕ್ಕೆ ಕೆಲವೇ ಮಂದಿಗೆ. ಈ ಕಟ್ಟುಪಾಡು ಕಠಿನವಾದರೂ ಸರಿಯೆಂದೇ ನಮ್ಮ ಅಭಿಪ್ರಾಯ. ಪ್ರವೇಶ ದೊರೆಯದವರಿಗೆ ಹೊಳೆಯೂ ದೋಣಿಯೂ ಇದ್ದೇ ಇವೆ.